ಶಿರಾನುಮಾದ ದಡದಲ್ಲಿ ಅತ್ತೆ ಸೊಸೆ

ಕ್ಯೋಸುಕೆ ಬೆಟ್ಟದ ಮೇಲಿನ ಶಿರಾನುಮಾ ಕೊಳದ ಬಳಿ ಕಾಣೆಯಾದದ್ದು ಚಳಿಗಾಲದ ಮೊದಲಲ್ಲಿ. ಫೋಟೊ ತೆಗೆಯಲು ಹೋದವನ ಚೀಲ ಮಾತ್ರ ದಡದಲ್ಲಿ ಸಿಕ್ಕಿತು. ಅಷ್ಟರಲ್ಲಿ ಹಿಮ ಸುರಿದು ಹುಡುಕಾಟ ನಿಂತಿತು. ಇನ್ನೇನಿದ್ದರೂ ಜೂನ್‌ನಲ್ಲಿ ಹಿಮ ಕರಗಿದ ಮೇಲೆ ಎಂದರು ನಮ್ಮೂರಿನ ರಕ್ಷಣಾ ತಂಡದವರು.

ಅವನ ತಾಯಿ ಹಿಸಾನೊ ಅಲ್ಲಿಯವರೆಗೆ ಕಾಯಲಿಲ್ಲ. ವಸಂತದಲ್ಲಿ, ಕೆಳಗೆ ಊರಲ್ಲಿ ಚೆರ್ರಿ ಹೂ ಉದುರುತ್ತಿದ್ದ ಒಂದು ಮಳೆಯ ಬೆಳಗ್ಗೆ ಯಾರಿಗೂ ಹೇಳದೆ ಬೂಟು ಕಟ್ಟಿಕೊಂಡಳು. ಸೊಸೆ ಚಿನಾತ್ಸು ತಡೆಯಲಿಲ್ಲ; ಅನ್ನದುಂಡೆ ಕಟ್ಟಿಕೊಂಡು ಹಿಂದೆಯೇ ಹೊರಟಳು. ಗಂಡನನ್ನು ಆ ದಿನ ಹೋಗಲು ಬಿಟ್ಟವಳು ಇವಳೇ ಎಂಬ ಸಿಟ್ಟಿಗೆ ಅತ್ತೆ ಚಳಿಗಾಲವಿಡೀ ಅವಳೊಂದಿಗೆ ನೆಟ್ಟಗೆ ಮಾತಾಡಿರಲಿಲ್ಲ.

ಬೆಟ್ಟದ ಬುಡದ ಬೀಚ್ ಜಾತಿಯ ಮರಗಳ ಕಾಡು ದಾಟುವಷ್ಟರಲ್ಲಿ ಇಬ್ಬರೂ ತೊಯ್ದು ಹೋಗಿದ್ದರು. ಅಲ್ಲಿಂದ ಮೇಲೆ ಬರೀ ಹಿಮ. ಮಳೆಗೆ ಮೆತ್ತಗಾದ ಹಿಮದಲ್ಲಿ ಕಾಲು ಮೊಣಕಾಲಿನವರೆಗೂ ಹೂತು ಹೋಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕೊಳ ಸಿಕ್ಕಿತು. ಎಲ್ಲಿ ದಡ ಮುಗಿದು ಎಲ್ಲಿ ನೀರು ಶುರುವಾಗುತ್ತದೆಂದು ತಿಳಿಯದಷ್ಟು ಬಿಳುಪು. ನಡುವೆ ಒಂದೆಡೆ ಮಾತ್ರ ಹಿಮ ತೆಳುವಾಗಿ ನೀಲಿ ಬಣ್ಣ ಮೂಡಿತ್ತು. ಹಿಸಾನೊ ನಿಲ್ಲದೆ ಅತ್ತಲೇ ನಡೆದಳು.

"ಅತ್ತೆ, ಹಿಮದ ಕೆಳಗೆ ನೀರಿದೆ. ವಾಪಸ್ ಬನ್ನಿ."

"ಗೊತ್ತು."

ಅವಳು ಇನ್ನೂ ಮುಂದೆ ಹೋದಳು. ಚಿನಾತ್ಸು ಚೀಲ ಕೆಳಗಿಟ್ಟಳು.

"ಸರಿ. ನೀವು ವಾಪಸ್ ಬರಲ್ಲ ಅಂದ್ರೆ ನಾನೂ ಅಲ್ಲಿಗೇ ಬರ್ತೀನಿ."

ಹಿಂದೆ ಹಿಮ ಕುಸಿಯುವ ಸದ್ದು ಕೇಳಿ ಹಿಸಾನೊ ತಿರುಗಿದಳು. ಸೊಸೆಯ ಒಂದು ಕಾಲು ನೀರಲ್ಲಿತ್ತು.

"ಅಲ್ಲೇ ನಿಂತ್ಕೊ, ಹುಚ್ಚಿ. ಅಲ್ಲಾಡಬೇಡ."

ತನ್ನ ಹೆಜ್ಜೆಯ ಗುರುತುಗಳ ಮೇಲೆಯೇ ಕಾಲಿಡುತ್ತ ಮೆಲ್ಲಗೆ ಬಂದು, ಸೊಸೆಯ ತೋಳು ಹಿಡಿದು ದಡಕ್ಕೆ ಎಳೆದಳು. ಬಂಡೆಯ ಮರೆಯಲ್ಲಿ ಕೂರಿಸಿ, ಒದ್ದೆ ಸಾಕ್ಸ್ ಕಳಚಿ, ತನ್ನ ಕೊರಳಿನ ಟವೆಲ್‌ನಿಂದ ಆ ಪಾದವನ್ನು ತಿಕ್ಕತೊಡಗಿದಳು. ತುಂಬಾ ಹೊತ್ತು ತಿಕ್ಕಿದಳು.

"ಹೋಗಬೇಡ ಅಂತ ಅವನಿಗೆ ಹೇಳಿದ್ಯಾ?" ತಲೆ ಎತ್ತದೆ ಕೇಳಿದಳು.

"ಹೇಳಿದ್ದೆ. ನಕ್ಕು ಬಾಗಿಲು ಹಾಕ್ಕೊಂಡು ಹೋದ್ರು."

"ನನ್ನ ಹತ್ರಾನೂ ಹಾಗೇ ನಗ್ತಿದ್ದ. ಚಿಕ್ಕಂದಿನಿಂದಾನೂ."

ಆಗ ಇಬ್ಬರಿಗೂ ಅಳು ಬಂತು. ಅನ್ನದುಂಡೆಗಳನ್ನು ಅಲ್ಲೇ ತಿಂದು, ಅವನಿಗೆಂದು ಒಂದನ್ನು ಹಿಮದ ಮೇಲೆ ಇಟ್ಟು ಇಳಿದರು.

ಜೂನ್‌ನಲ್ಲಿ ಅವನು ಸಿಕ್ಕಿದ. ದೇಹ ಸುಟ್ಟ ಮೇಲೆ ಇಬ್ಬರು ಸೇರಿ ಚಾಪ್‌ಸ್ಟಿಕ್‌ನಿಂದ ಮೂಳೆ ಎತ್ತಿ ಕರಂಡಕ್ಕೆ ಹಾಕುವುದು ನಮ್ಮಲ್ಲಿನ ಪದ್ಧತಿ; ಮೊದಲ ಸರದಿ ತೀರ ಹತ್ತಿರದವರದು. ಹಿಸಾನೊಳ ಜೊತೆ ಕೈಹಾಕಲು ಕ್ಯೋಸುಕೆಯ ಚಿಕ್ಕಪ್ಪ ಮುಂದೆ ಬಂದ. ಹಿಸಾನೊ ಅವನನ್ನು ತಡೆದು ಸೊಸೆಯನ್ನು ತನ್ನ ಪಕ್ಕಕ್ಕೆ ಕರೆದಳು. ಮೊದಲ ಮೂಳೆಯನ್ನು ಅವರಿಬ್ಬರೇ ಎತ್ತಿದರು.