ಮೂರನೇ ಕಾಲಂ

ಇಪ್ಪತ್ತಾರು ವರ್ಷ ಬೀಜದ ಕೋಣೆಯಲ್ಲಿ ಬೆನ್ನು ಬಗ್ಗಿಸಿದ ಆ ಹೆಂಗಸನ್ನು ಹಳೇ ತಳಿಗಳ ಬೀಜ ಕಾಪಿಡುವ ಆ ಸಂಸ್ಥೆಯೆಲ್ಲ ಬೀಜದಕ್ಕ ಅಂತಲೇ ಕರೆಯುತ್ತಿತ್ತು. ಹಳೇ ಬೀಜದಲ್ಲಿ ಜೀವ ಉಂಟೋ ಇಲ್ಲವೋ ಹೇಳುವುದು ಅವಳ ಕೆಲಸ. ನೂರು ಬೀಜ ಎಣಿಸಿ, ಒದ್ದೆ ಕಾಗದದಲ್ಲಿ ಸುತ್ತಿ, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಏಳನೇ ದಿನ ಬಿಚ್ಚಿ ನೋಡುತ್ತಿದ್ದಳು. ಅವಳ ಪುಸ್ತಕದಲ್ಲಿ ಮೂರು ಕಾಲಂ: ಮೊಳೆತದ್ದು, ಕೊಳೆತದ್ದು, ಗಟ್ಟಿ. ಗಟ್ಟಿ ಅಂದರೆ ನೀರನ್ನೇ ಒಳಗೆ ಬಿಟ್ಟುಕೊಳ್ಳದೆ ಕಲ್ಲಿನ ಹಾಗೆ ಕೂತದ್ದು. ಬದುಕಿದೆ ಅನ್ನಲಿಕ್ಕೆ ಮೊಳಕೆಯಿಲ್ಲ, ಸತ್ತಿದೆ ಅನ್ನಲಿಕ್ಕೆ ಕೊಳೆತಿಲ್ಲ.

ಯಾವ ಬೀಜದ ಕಪಾಟು ಇರಬೇಕು, ಯಾವುದು ಹೋಗಬೇಕು ಅಂತ ತೀರ್ಮಾನಿಸಲು ಮೇಲಿನವರು ಒಬ್ಬ ಸಲಹೆಗಾರನನ್ನು ಕಳಿಸಿದರು. ಕುತ್ತಿಗೆಗೆ ಟೈ, ಕೈಯಲ್ಲಿ ಒಂದೇ ಒಂದು ಫಾರಂ. ಅದೇ ಫಾರಂ ಹಿಡಿದು ಅವನು ಒಂದು ಊರಿನ ಬಸ್ಸನ್ನೇ ರದ್ದು ಮಾಡಿಸಿದ್ದ, ಒಂದು ಗ್ರಂಥಾಲಯಕ್ಕೆ ಬೀಗ ಹಾಕಿಸಿದ್ದ. ಆಸ್ಪತ್ರೆಗೂ ಹೋಗಿದ್ದ. ದಿನ ತುಂಬದೆ ಹುಟ್ಟಿದ ಕೂಸುಗಳು ಏಳು ದಿನದಲ್ಲಿ ಮನೆಗೆ ಹೋಗುವುದಿಲ್ಲ, ಆದ್ದರಿಂದ ಈ ವಾರ್ಡು ದಂಡ ಅಂತ ಬರೆಯಲು ಹೊರಟು ದಾದಿಯರ ಕೈಲಿ ಚೆನ್ನಾಗಿ ಉಗಿಸಿಕೊಂಡಿದ್ದ. ಬುದ್ಧಿ ಮಾತ್ರ ಬಂದಿರಲಿಲ್ಲ.

ಅವನ ಕಣ್ಣು ಮೊದಲು ಬಿದ್ದದ್ದು ಕಾಡು ಅವರೆಯ ಕಪಾಟಿನ ಮೇಲೆ. ಆ ಬಳ್ಳಿ ಬೆಳೆಯುತ್ತಿದ್ದ ಗುಡ್ಡವನ್ನು ಸಿಡಿಸಿ ಜಲ್ಲಿ ಮಾಡಿ ಹನ್ನೆರಡು ವರ್ಷವಾಗಿತ್ತು. ಈಗ ಅದು ಉಳಿದಿದ್ದರೆ ಆ ಕಪಾಟಿನಲ್ಲಿ ಮಾತ್ರ.

"ಎಷ್ಟು ಬದುಕಿದೆ ಮೇಡಂ?"

"ಮೊಳೆತದ್ದು ಮೂವತ್ತೊಂದು, ಕೊಳೆತದ್ದು ನಾಲ್ಕು, ಗಟ್ಟಿ ಅರವತ್ತೈದು."

"ನನ್ನ ಫಾರಂನಲ್ಲಿ ಗಟ್ಟಿ ಇಲ್ಲ. ಬದುಕಿದೆ, ಸತ್ತಿದೆ, ಎರಡೇ." ಅರವತ್ತೈದನ್ನೂ ಸತ್ತವರ ಪಟ್ಟಿಗೆ ಸೇರಿಸಿಬಿಟ್ಟ. "ಐವತ್ತಕ್ಕಿಂತ ಕಡಿಮೆ. ಬಾಳೋ ಅಂಥದ್ದಲ್ಲ. ತೆಗೆಸಿ."

"ಅಯ್ಯೋ ಪುಣ್ಯಾತ್ಮ, ಸಿಪ್ಪೆ ಗಟ್ಟಿ ಕಣ್ರೀ ಅದು! ಒಂಚೂರು ಉಜ್ಜಿದ್ರೆ ನೀರು ಕುಡಿಯುತ್ತೆ."

"ಉಜ್ಜಿದ ಮೇಲೆ ಏಳೋದನ್ನ ಬದುಕು ಅಂತಾರಾ?"

"ನಿಮ್ಮನ್ನ ಬೆಳಿಗ್ಗೆ ಯಾರೂ ಅಲ್ಲಾಡಿಸಿ ಎಬ್ಬಿಸಲ್ವಾ?"

ಸಂಸ್ಥೆಯ ನಿರ್ದೇಶಕ ನಡುವೆ ಬಾಯಿ ಹಾಕಿದ. "ಅಕ್ಕಾ, ಸ್ವಲ್ಪ ಸುಮ್ನಿರಿ." ನಿವೃತ್ತಿಗೆ ಎಂಟು ತಿಂಗಳಿದ್ದ ಅವನಿಗೆ ಎಲ್ಲರೂ ಸುಮ್ಮನಿರಬೇಕಿತ್ತು.

ಮನೆಯಲ್ಲಿ ಗಂಡನ ಮುಂದೆ ಅವಳು ಕೂಗಾಡಿದಳು. ಗಂಡ ಲಾರಿ ಮೆಕ್ಯಾನಿಕ್ಕು. ಉಗುರಿನ ಸಂದಿನ ಗ್ರೀಸು ಕೆರೆಯುತ್ತ ಅಂದ, "ಸ್ಟಾರ್ಟ್ ಆಗದ ಗಾಡಿನೆಲ್ಲ ಗುಜರಿಗೆ ಹಾಕಂಗಿದ್ರೆ ನಾನು ಯಾವತ್ತೋ ಉಪವಾಸ ಬೀಳ್ತಿದ್ದೆ. ಅವನಿಗೆ ಹೇಳಬೇಡ ಕಣೇ, ತೋರಿಸು."

ಮಾರನೇ ದಿನ ಅವಳು ಆ ಅರವತ್ತೈದನ್ನೂ ಒಂದೊಂದಾಗಿ ಉಪ್ಪುಕಾಗದದ ಮೇಲೆ ಉಜ್ಜಿ ನೆನೆಹಾಕಿದಳು. ಎರಡು ವಾರಕ್ಕೆ ಅರವತ್ತೊಂದು ಎದ್ದು ನಿಂತವು. ತಟ್ಟೆಯನ್ನು ಹೊತ್ತುಕೊಂಡು ಹೋಗಿ ಸಭೆಯ ಮೇಜಿನ ಮೇಲೆ, ಬಿಸ್ಕತ್ತಿನ ಪಕ್ಕ, ಧಡಕ್ಕನೆ ಇಟ್ಟಳು.

ಸಲಹೆಗಾರ ಎಲೆಗಳನ್ನೂ ಫಾರಮ್ಮನ್ನೂ ನೋಡಿದ. "ಲೆಕ್ಕ ಏಳನೇ ದಿನಕ್ಕೇ ಮುಗಿದಿದೆ. ವರದಿ ಪ್ರಕಾರ ಇವು ಸತ್ತಿವೆ."

"ಸಾರ್, ನಿಮಗೆ ಕಣ್ಣಿದೆಯಲ್ಲ, ನೀವು ಹೇಳಿ," ಅಂದಳು ನಿರ್ದೇಶಕನಿಗೆ.

ಒಂದು ಎಳೆ ಕುಡಿ ನಿರ್ದೇಶಕನ ಚಹದ ಲೋಟಕ್ಕೆ ತಾಗುತ್ತಿತ್ತು. ಅವನು ಲೋಟವನ್ನು ಮೆಲ್ಲಗೆ ಈಚೆ ಎಳೆದುಕೊಂಡ. "ವರದಿ ಪ್ರಕಾರ... ಹೌದು. ಸತ್ತಿವೆ."

ಆದರೆ ಸಂಸ್ಥೆಯ ನಿಯಮವೊಂದಿತ್ತು. ಯಾವ ಬೀಜವನ್ನೇ ಎಸೆಯಲಿ, ಅದು ಸತ್ತಿದೆ ಅಂತ ಪರೀಕ್ಷಕಿ ಸಹಿ ಮಾಡಬೇಕು. ಕಾಗದ ಮುಂದಿಟ್ಟರು. ಬೀಜದಕ್ಕ ಪೆನ್ನು ಮುಟ್ಟಲಿಲ್ಲ.

"ಕೆಲಸಕ್ಕೆ ಕುತ್ತು ಬರುತ್ತೆ ಅಕ್ಕಾ."

"ಬರಲಿ. ಉಸಿರಾಡ್ತಿರೋದಕ್ಕೆ ಸಾವಿನ ಚೀಟಿ ಬರೆಯೋಕೆ ನಿಮ್ಮ ಕೈಯೇ ಇದೆಯಲ್ಲ, ನನ್ನದ್ಯಾಕೆ?"

ಸಲಹೆಗಾರ ಹಲ್ಲು ಕಡಿದು ಅದೇ ಫಾರಂನಲ್ಲಿ ಅವಳನ್ನೂ ತೂಗಿದ. ಒಂದು ಬೀಜಕ್ಕೆ ಇಪ್ಪತ್ತೊಂದು ದಿನ ಹಿಡಿಯುವ ಹುದ್ದೆ ಬಾಳುವಂಥದ್ದಲ್ಲ ಅಂತ ಬರೆದ. ವರದಿ ಮೇಲಕ್ಕೆ ಹೋಯಿತು. ಯಾರೂ ಓದಲಿಲ್ಲ, ಎಲ್ಲರೂ ಒಪ್ಪಿದರು. ಪರೀಕ್ಷಕಿಯ ಹುದ್ದೆಯೇ ರದ್ದಾಯಿತು. ಇಪ್ಪತ್ತಾರು ವರ್ಷ ದುಡಿದವಳನ್ನು ಮನೆಗೆ ಕಳಿಸಲು ಆಗದೆ ಗೇಟಿಗೆ ಹಾಕಿದರು, ಗಾಡಿ ನಂಬರು ಬರೆಯಲಿಕ್ಕೆ. ಮೊದಲ ವಾರ ಅವಳಿಗೆ ಅಲ್ಲಿ ಕೂತು ಅಳು ಬಂತು. ಒರೆಸಿಕೊಂಡು ನಂಬರು ಬರೆದಳು.

ತಿಂಗಳು ಕಳೆದ ಮೇಲೆ ನಿರ್ದೇಶಕ ತಾನೇ ಗೇಟಿಗೆ ನಡೆದು ಬಂದ. ಅವರೆಯ ಕಪಾಟು ಖಾಲಿ ಮಾಡಿದ ಕಾಗದ ಎಲ್ಲಿ ಅಂತ ಮೇಲಿನಿಂದ ಕೇಳಿದ್ದರು. ಸಹಿಯಿಲ್ಲದೆ ಕಪಾಟಿನ ಬೀಗ ತೆಗೆಯುವ ಹಾಗಿಲ್ಲ. ಸಹಿ ಮಾಡುವ ಹುದ್ದೆ ಭೂಮಿಯ ಮೇಲೇ ಇಲ್ಲ.

"ಅಕ್ಕಾ, ಹಳೇ ತಾರೀಕು ಹಾಕಿ ಒಂದೇ ಒಂದು ಸಹಿ... ನಿಮ್ಮ ಕಾಲಿಗೆ ಬೀಳ್ತೀನಿ."

ಅವಳು ಗಾಡಿಯ ಪುಸ್ತಕ ತಿರುವಿದಳು.

"ನಾನು ಗೇಟಿನವಳು ಸಾರ್. ಒಳಗೆ ಬರೋ ಗಾಡಿಗಷ್ಟೇ ನನ್ನ ಸಹಿ. ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ, ಲಾರಿ ಬರ್ತಾ ಇದೆ."