ನಿಜಾಮುದ್ದೀನ್ ಸಾಹೇಬರ ಶುಕ್ರವಾರದ ಸುತ್ತು

ಹೋದ ದಾರಿಯಲ್ಲೇ ಹಿಂತಿರುಗಿ ಬರುವುದನ್ನು ನಿಜಾಮುದ್ದೀನ್ ಸಾಹೇಬರು ಒಂದು ಬಗೆಯ ಅಸಭ್ಯತೆಯೆಂದೇ ಭಾವಿಸಿದ್ದರು. ಕೊಪ್ಪದ ಪೇಟೆಗೆ ಗುಂಡಿಯನ್ನೋ ದಾರದ ಉಂಡೆಯನ್ನೋ ತರಲು ಹೋದರೂ, ಹೋಗುವಾಗ ಬಸ್ ನಿಲ್ದಾಣದ ಮುಂದೆ ಹಾದವರು ಬರುವಾಗ ಯಾವುದಾದರೊಂದು ಓಣಿಯನ್ನು ಹುಡುಕಿಕೊಂಡು, ಎರಡರಷ್ಟು ದೂರ ಬಳಸಿಯಾದರೂ ಬೇರೆ ದಿಕ್ಕಿನಿಂದಲೇ ಅಂಗಡಿ ಸೇರುತ್ತಿದ್ದರು. ಇದಕ್ಕೇನಾದರೂ ಶಾಸ್ತ್ರವಿದೆಯೇ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಸೂಜಿಯಿಂದ ಕಣ್ಣೆತ್ತದೆಯೇ ಉತ್ತರ ಕೊಟ್ಟಿದ್ದರು: "ದಾರಾನ ಬಂದ ತೂತಲ್ಲೇ ಹಿಂದಕ್ಕೆ ಎಳೆದ್ರೆ ಅದು ಹೊಲಿಗೆ ಅಲ್ಲ ಸಾರ್, ಬಿಚ್ಚೋದು."

ಬಾಳಗಡಿಯಲ್ಲಿ ಕಾಲೇಜಿನ ಕಡೆಗೆ ಹೋಗುವ ರಸ್ತೆಯ ತಿರುವಿನಲ್ಲಿ ಅವರ ಹೊಲಿಗೆಯ ಅಂಗಡಿ. ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಆ ಊರಿನ ಕಾಲೇಜಿಗೆ ವರ್ಗವಾಗಿ ಬಂದು, ಅಂಗಡಿಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಬೆಳಗಿನಿಂದ ಸಂಜೆಯವರೆಗೆ ಗೋಡೆಯ ಆಚೆಯಿಂದ ಯಂತ್ರದ ಸದ್ದು ಕೇಳುತ್ತಿತ್ತು. ಆರು ದಿನ ಆ ಪೆಡಲನ್ನು ತುಳಿದ ಪಾದಗಳು ನಡೆಯುವಾಗಲೂ ಅದೇ ಲಯವನ್ನು ಬಿಡುತ್ತಿರಲಿಲ್ಲ; ಹಿಮ್ಮಡಿ ಊರಿ, ಮುಂಗಾಲಿಗೆ ಭಾರವನ್ನು ದಾಟಿಸಿ, ಮತ್ತೆ ಹಿಮ್ಮಡಿ ಊರಿ, ನೆಲದ ಅಡಿಯಲ್ಲಿ ಎಲ್ಲೋ ಒಂದು ಚಕ್ರವನ್ನು ತಿರುಗಿಸುತ್ತಿರುವಂತೆ ಅವರು ನಡೆಯುತ್ತಿದ್ದರು. "ವಾರವೆಲ್ಲ ತುಳಿದ್ರೂ ಕೂತಲ್ಲಿಂದ ಒಂದಡಿ ಮುಂದೆ ಹೋಗಿರಲ್ಲ. ಶುಕ್ರವಾರ ಆದ್ರೂ ಹೋಗೋದು ಬ್ಯಾಡ್ವಾ?" ಎನ್ನುತ್ತಿದ್ದರು.

ಶುಕ್ರವಾರ ಅಂಗಡಿಗೆ ರಜೆ. ಮಧ್ಯಾಹ್ನದ ನಮಾಜು ಮುಗಿಸಿ, ಊಟ ಮಾಡಿ, ಕಂದು ಬಣ್ಣದ ಒಂದು ಉಣ್ಣೆಯ ಕೋಟನ್ನು ತೊಟ್ಟು ಅವರು ಹೊರಡುತ್ತಿದ್ದರು. ಆ ಕೋಟು ಅವರದಲ್ಲ. ಯಾರೋ ಕಾಫಿ ತೋಟದ ಲೆಕ್ಕ ಬರೆಯುವ ರೈಟರು ಅಳತೆ ಕೊಟ್ಟು ಹೋಗಿ, ವರ್ಷಗಳೇ ಕಳೆದರೂ ಒಯ್ಯಲು ಬಂದಿರಲಿಲ್ಲ. ತೋಳು ಉದ್ದವಾಗಿ ಬೆರಳುಗಳ ಅರ್ಧವನ್ನು ಮುಚ್ಚುತ್ತಿತ್ತು. ಆದರೂ ಅದನ್ನು ತಮ್ಮ ಮೈಗೆ ಹೊಂದಿಸಿಕೊಳ್ಳಲು ಅವರು ಒಪ್ಪಿರಲಿಲ್ಲ. "ಗಿರಾಕಿದು. ನಾನು ಗಾಳಿಗೆ ಹಾಕ್ತಿದೀನಿ ಅಷ್ಟೆ," ಎಂಬುದು ಅವರ ಸಮಜಾಯಿಷಿ. ಕೊರಳಲ್ಲಿ ಅಳತೆಯ ಪಟ್ಟಿ ಅಂದೂ ನೇತಾಡುತ್ತಲೇ ಇರುತ್ತಿತ್ತು. ಅದನ್ನು ತೆಗೆದಿಡಲು ಮರೆಯುತ್ತಿದ್ದರೋ, ಅದಿಲ್ಲದೆ ಹೊರಗೆ ಕಾಲಿಡಲು ಸಂಕೋಚವೋ, ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಅವರ ಸುತ್ತು ಅಂಗಡಿಯ ಬಾಗಿಲಿನಿಂದ ಹೊರಟು, ಗುಡ್ಡದ ನೆತ್ತಿಯ ಹಾಸುಬಂಡೆಯನ್ನೇರಿ, ಹಳೆಯ ಅರಸರ ಕಾಲದ ಒಂದು ಕೆರೆಯ ಏರಿಯ ಮೇಲೆ ಸಾಗಿ, ವೀರಗಲ್ಲುಗಳ ಒಂದು ಗುಂಪನ್ನು ದಾಟಿ, ಮರದ ದಿಮ್ಮಿಯ ಸಂಕದಿಂದ ಹಳ್ಳವನ್ನು ಹಾದು, ಊರಿನ ಇನ್ನೊಂದು ತುದಿಯಿಂದ ಅದೇ ಬಾಗಿಲಿಗೆ ಬಂದು ಮುಗಿಯುತ್ತಿತ್ತು. ಬಾಗಿಲಿಗೆ ಬಂದರೂ ಒಳಗೆ ಹೋಗುತ್ತಿರಲಿಲ್ಲ. ನಾಲ್ಕು ಹೆಜ್ಜೆ ಮುಂದೆ ಹೋಗಿ ಆಮೇಲೆ ತಿರುಗುತ್ತಿದ್ದರು. ಲಂಗದ ಅಂಚನ್ನು ಸುತ್ತಲೂ ಹೊಲಿದು ಬಂದವನು ಮೊದಲ ಹೊಲಿಗೆಯ ಮೇಲೆ ಇನ್ನೂ ನಾಲ್ಕು ಹೊಲಿಗೆ ಹಾಕದಿದ್ದರೆ ಅದು ಬಿಚ್ಚಿಕೊಳ್ಳುತ್ತದಂತೆ.

ಆ ಸುತ್ತಿಗೆ ನಾನೂ ಜೊತೆಯಾದೆ. ನನ್ನ ಆಸಕ್ತಿ ಕಲ್ಲಿನ ಪದರಗಳಲ್ಲಿ, ಹಳ್ಳದ ಬದಿಯ ನಾಗಸಂಪಿಗೆಯ ಚಿಗುರು ಮೊದಲು ಕೆಂಪಾಗಿ ಆಮೇಲೆ ಹಸಿರಾಗುವುದರ ಕಾರಣದಲ್ಲಿ. ಅವರ ಆಸಕ್ತಿ ಬೇರೆ. ಹಾಸುಬಂಡೆಯ ಮೇಲೆ ನಿಂತರೆ ದೂರದಲ್ಲಿ ಮೇರುತಿ ಬೆಟ್ಟದ ನೆತ್ತಿ ಕಾಣುತ್ತಿತ್ತು. ಮಂಜು ಅದರ ಸೊಂಟಕ್ಕೆ ಇಳಿದಿದ್ದರೆ "ಇವತ್ತು ಬಿಗಿಯಾಗಿ ಕಟ್ಟಿದಾರೆ" ಎನ್ನುವರು, ಚದುರಿದ್ದರೆ "ಸಡಿಲ" ಎನ್ನುವರು. ವೀರಗಲ್ಲುಗಳ ಮುಂದೆ ನಾನು ಕತ್ತಿ, ಕುದುರೆ, ಮೇಲಿನ ಸೂರ್ಯಚಂದ್ರರನ್ನು ನೋಡುತ್ತಿದ್ದರೆ ಅವರು ವೀರನ ಚಲ್ಲಣದ ನೆರಿಗೆಗೆ ಬೆರಳಿಟ್ಟು ಪರೀಕ್ಷಿಸುತ್ತಿದ್ದರು. ಎರಡನೆಯ ಕಲ್ಲಿನ ವೀರನಿಗೆ ನಡುಪಟ್ಟಿ ತೀರ ಕೆಳಗಾಯಿತೆಂದೂ, ಯುದ್ಧದಲ್ಲಿ ಅವನಿಗೆ ತೊಡಕಾದದ್ದು ಅದರಿಂದಲೇ ಎಂದೂ ಅವರ ಅಭಿಪ್ರಾಯ.

ಅವರ ಅಭಿಪ್ರಾಯಗಳಲ್ಲಿ ಹೆಚ್ಚಿನವು ತಪ್ಪಾಗಿದ್ದವು. ಬಂಡೆಯ ಅಂಚಿನ ಗುಂಡುಕಲ್ಲು ವರ್ಷವರ್ಷವೂ ಪೂರ್ವಕ್ಕೆ ವಾಲುತ್ತಿದೆಯೆಂದು ಸಾಧಿಸುತ್ತಿದ್ದರು. ನಾನು ಅವರದೇ ಪಟ್ಟಿಯಿಂದ ಅಳೆದು, ಮರುವರ್ಷ ಮತ್ತೆ ಅಳೆದು, ಕೂದಲಿನಷ್ಟೂ ವ್ಯತ್ಯಾಸವಿಲ್ಲವೆಂದು ತೋರಿಸಿದಾಗ ಅವರು ಸ್ವಲ್ಪವೂ ವಿಚಲಿತರಾಗಲಿಲ್ಲ. "ನಾನು ಹೇಳಿದ್ದು ಒಳಗೆ ಬಟ್ಟೆ ಬಿಟ್ಟು ಹೇಳಿದ್ದು ಸಾರ್." ಇದು ಅವರ ಮಾತಿನ ಒಗ್ಗರಣೆ. ಮುಂದೆ ಮೈ ಬೆಳೆದರೆ ಬಿಚ್ಚಿ ಅಗಲಿಸಲೆಂದು ದರ್ಜಿಗಳು ಹೊಲಿಗೆಯ ಒಳಗೆ ಉಳಿಸುವ ಅಂಚನ್ನು ಅವರು ತಮ್ಮ ಪ್ರತಿಯೊಂದು ನಂಬಿಕೆಗೂ ಉಳಿಸಿರುತ್ತಿದ್ದರು. "ಈ ಕೆರೆಗೆ ನಾನೂರು ವರ್ಷ. ಒಳಗೆ ಒಂದು ನೂರು ಬಿಟ್ಟಿದೀನಿ." ಪ್ರಯೋಗಶಾಲೆಗಳಲ್ಲಿ ದೋಷದ ಮಿತಿ ಎಂದು ಕರೆಯುವ ಸೌಜನ್ಯ ಇದೇ ಅಲ್ಲವೇ ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ.

ಇಂಥ ಸುತ್ತು ಒಂದು ಶುಕ್ರವಾರ ತುಂಡಾಯಿತು. ಕೆರೆಯ ಏರಿ ಇಳಿದು ವೀರಗಲ್ಲುಗಳ ಕಡೆ ತಿರುಗುವಲ್ಲಿ ಹೊಸ ಮುಳ್ಳುತಂತಿಯ ಬೇಲಿ ಅಡ್ಡವಾಗಿತ್ತು. ಆ ಜಾಗ ಮಂಜಪ್ಪಗೌಡರದು. ಹೊಸದಾಗಿ ಕಾಫಿ ಗಿಡ ಹಾಕಿಸಿದ್ದರು. ಗೌಡರು ಆಚೆ ಬದಿಯಲ್ಲೇ ನಿಂತು ಕೆಲಸ ನೋಡುತ್ತಿದ್ದರು.

"ಎಂತ ಸಾಬ್ರೆ, ಬೇಲಿಗೂ ಅಳತೆ ತಗಳಕ್ಕೆ ಬಂದ್ರಾ?"

"ಅಳತೆ ಸರಿ ಇದೆ ಗೌಡ್ರೆ. ಕುತ್ತಿಗೆ ಇಡೋದು ಮರ್ತಿದೀರಿ. ತಲೆ ಎಲ್ಲಿಂದ ತೂರಿಸೋದು?"

ಗೌಡರು ನಕ್ಕರು, ಆದರೆ ಬಗ್ಗಲಿಲ್ಲ. ಆ ಸೀಮೆಯಲ್ಲಿ ಕಾಲುದಾರಿಗೆ ಅಡ್ಡ ಬೇಲಿ ಹಾಕುವವರು ಜನ ಹತ್ತಿ ಇಳಿಯಲು, ದನ ದಾಟದಂತೆ, ಮರದ ಮೆಟ್ಟಿಲಿನ ಒಂದು ತಡಬೆಯನ್ನು ಇಡುವುದು ವಾಡಿಕೆ. ಆದರೆ ತಡಬೆ ಇಟ್ಟವನು ಅಲ್ಲಿ ದಾರಿಯಿದೆಯೆಂದು ಒಪ್ಪಿದಂತೆ. ಒಮ್ಮೆ ಇಟ್ಟದ್ದನ್ನು ಅವನ ಮೊಮ್ಮಗನೂ ಕೀಳುವಂತಿಲ್ಲ. ಗೌಡರ ಭಯ ಅದೇ. "ಇವತ್ತು ತಡಬೆ ಅಂತೀರಿ, ನಾಳೆ ಗಾಡಿ ದಾರಿ ಅಂತಾರೆ, ನಾಡಿದ್ದು ಜೀಪು ಬರ್ತದೆ. ನಿಮ್ಮೊಬ್ರಿಗೆ ಅಂದ್ರೆ ಬಿಡ್ತಿದ್ದೆ ಮಾರಾಯ್ರೆ. ದಾರಿ ಅನ್ನೋದು ಒಬ್ರಿಗೆ ಅಂತ ಎಲ್ಲಿರ್ತದೆ?" ಆ ವಾದದಲ್ಲಿ ತಿರುಳಿತ್ತು.

ನಿಜಾಮುದ್ದೀನ್ ಸಾಹೇಬರು ತಂತಿಯ ಎರಡೂ ತುದಿಗಳತ್ತ ನೋಡಿದರು. ಒಂದು ಬದಿಗೆ ಕೆರೆ, ಇನ್ನೊಂದು ಬದಿಗೆ ಬಿದಿರುಮೆಳೆ, ಅದರಾಚೆ ಗೌಡರ ಮನೆಯ ಹಿತ್ತಲು. ಬಳಸಿ ಹೋಗಲು ಜಾಗವಿರಲಿಲ್ಲ. ಕೋಟಿನ ತೋಳನ್ನು ಒಮ್ಮೆ ಮೇಲಕ್ಕೆ ಎಳೆದುಕೊಂಡು ಅವರು ಹಿಂದಕ್ಕೆ ತಿರುಗಿದರು. ಏರಿಯ ಮೇಲೆ ನಮ್ಮದೇ ಹೆಜ್ಜೆಗಳು ಎದುರಾಗುತ್ತಿದ್ದವು. ಅವುಗಳನ್ನು ತುಳಿಯದಂತೆ ಅವರು ಹುಲ್ಲಿನ ಅಂಚಿನಲ್ಲಿ ನಡೆದರು. ತಾಲ್ಲೂಕು ಕಚೇರಿಗೆ ಒಂದು ಅರ್ಜಿ ಕೊಡೋಣ, ಹಳೆಯ ನಕ್ಷೆಯಲ್ಲಿ ದಾರಿಯಿದ್ದರೂ ಇರಬಹುದು, ಎಂದೆ. ಅವರು ತಲೆಯಾಡಿಸಿದರು. "ಅರ್ಜಿ ಕೊಟ್ರೆ ದಾರಿ ಸಿಗಬಹುದು ಸಾರ್. ಆಮೇಲೆ ಅದ್ರಲ್ಲಿ ನಡೆಯೋಕೆ ಮನಸ್ಸು ಬರಲ್ಲ."

ಮುಂದಿನ ಶುಕ್ರವಾರ ಅವರು ಹೊರಡಲಿಲ್ಲ. ಅಂಗಡಿಯ ಅರ್ಧ ಬಾಗಿಲು ತೆರೆದು ಯಂತ್ರದ ಮುಂದೆ ಕುಳಿತರು. ಅದರ ಮರುವಾರವೂ ಅಷ್ಟೆ. ಅವರ ಪತ್ನಿ ಗುಲ್ಜಾರ್ ಬೇಗಂ ಒಳಬಾಗಿಲಲ್ಲಿ ನಿಂತು ನನ್ನೊಡನೆ ದೂರಿದರು: "ಇವರನ್ನ ಎಲ್ಲಾದ್ರೂ ಕರ್ಕೊಂಡು ಹೋಗಿ. ಮನೇಲಿದ್ದು ನನ್ನ ಪಾತ್ರೆ ಎಲ್ಲ ಅಳತೆ ಪ್ರಕಾರ ಜೋಡಿಸ್ತಿದಾರೆ."

ಆ ದಿನಗಳಲ್ಲೇ ಮಂಜಪ್ಪಗೌಡರು ನೆಂಟರ ಮದುವೆಗೆಂದು ಹೊಲಿಸಲು ಕೊಟ್ಟಿದ್ದ ಟೆರಿಲಿನ್ ಅಂಗಿ ಸಿದ್ಧವಾಯಿತು. ಗೌಡರೂ ಅವರ ಹೆಂಡತಿ ಸುಲೋಚನಮ್ಮನವರೂ ಅಂಗಡಿಗೆ ಬಂದಾಗ ನಾನು ಅಲ್ಲೇ ಇದ್ದೆ. ಗೌಡರು ಅಂಗಿ ತೊಟ್ಟು, ಗುಂಡಿ ಹಾಕಿ, ಕನ್ನಡಕವನ್ನು ಇಡಲೆಂದು ಎದೆಯ ಎಡಕ್ಕೆ ಕೈ ಒಯ್ದರು. ಅಲ್ಲಿ ಜೇಬು ಇರಲಿಲ್ಲ. ಅದು ಬಲಗಡೆ, ಅಚ್ಚುಕಟ್ಟಾಗಿ, ಒಂದು ಎಳೆಯೂ ಓರೆಯಾಗದಂತೆ ಹೊಲಿಯಲ್ಪಟ್ಟಿತ್ತು.

ಅಷ್ಟು ವರ್ಷಗಳಲ್ಲಿ ಸಾಹೇಬರ ಕೈಯಿಂದ ಅಂಥ ತಪ್ಪು ಆಗಿರಲಿಲ್ಲ.

"ಇದೆಂತ ಸಾಬ್ರೆ? ನಾನೇನು ಕನ್ನಡಿ ಒಳಗಿನ ಗೌಡನಾ?"

"ತಪ್ಪಾಯ್ತು ಗೌಡ್ರೆ. ಬಿಚ್ಚಿ ಹಾಕಿದ್ರೆ ಟೆರಿಲಿನ್ ಮೇಲೆ ಸೂಜಿ ತೂತು ಉಳೀತದೆ. ಹೊಸ ಬಟ್ಟೆ ನಾನೇ ತಂದು ಹೊಲಿದು ಕೊಡ್ತೀನಿ."

"ಬಟ್ಟೆ ಹಾಳಾಗಿ ಹೋಗ್ಲಿ. ನಿಮಗೆ ಎಂತ ಆಗಿದೆ ಅಂತ ಕೇಳಿದ್ದು."

ಸಾಹೇಬರು ಅಳತೆಯ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಮೆಲ್ಲಗೆ ಹೇಳಿದರು: "ಆವತ್ತು ನಿಮ್ಮ ಬೇಲಿಯಿಂದ ತಿರುಗಿ ಬಂದೆ ನೋಡಿ. ಆವಾಗಿಂದ ಎಡ ಯಾವುದು ಬಲ ಯಾವುದು ಅನ್ನೋದು ಕೈಗೆ ಸರಿ ಗೊತ್ತಾಗ್ತಿಲ್ಲ."

ಒಂದೇ ಅಂಗಿಯ ಆಧಾರದಿಂದ ಯಾವ ಕಾರ್ಯಕಾರಣ ಸಂಬಂಧವನ್ನೂ ಸ್ಥಾಪಿಸಲಾಗದು. ಆದರೆ ಆ ಕ್ಷಣದಲ್ಲಿ ಅದನ್ನು ಹೇಳುವ ಉತ್ಸಾಹ ನನಗಿರಲಿಲ್ಲ. ಮೊದಲು ನಕ್ಕವರು ಸುಲೋಚನಮ್ಮ. ಸೆರಗನ್ನು ಬಾಯಿಗೆ ಒತ್ತಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಗಂಡನತ್ತ ತಿರುಗಿದರು. "ಬೇಲಿ ಹಾಕ್ದಾಗ್ಲೇ ನಾ ಹೇಳಿದ್ದೆ. ಈಗ ಮದ್ವೆ ಮನೇಲಿ ಎಲ್ರಿಗೂ ಜೇಬಿನ ಕತೆ ಹೇಳ್ಕಂಡು ಕೂತ್ಕಳಿ." ಆಮೇಲೆ ಸಾಹೇಬರಿಗೆ: "ಬೇಲಿ ಬದಿಗೆ ನಮ್ಮ ಹಿತ್ತಲಿಗೆ ಬರೋ ಉಣುಗೋಲು ಇದೆಯಲ್ಲ, ಗಳ ಸರಿಸಿ ಬನ್ನಿ. ಅಂಗಳ ದಾಟಿ ಆಚೆ ಇಳೀರಿ. ನಮ್ಮನೆಗೆ ಬಂದು ಹೋದ ಹಾಗೂ ಆಗ್ತದೆ."

ಗೌಡರು ಬಲಗಡೆಯ ಜೇಬಿಗೇ ಕನ್ನಡಕ ತುರುಕಿದರು. "ಅಂಗಳ ಆದ್ರೆ ನಂದೇನು ಅಡ್ಡಿ ಇಲ್ಲ. ಅಂಗಳದಲ್ಲಿ ಬರೋರು ನೆಂಟ್ರು. ಬೇಲಿ ದಾಟೋರು ಹಕ್ಕಿನೋರು."

ಹೀಗೆ ಸುತ್ತು ಮತ್ತೆ ಕೂಡಿಕೊಂಡಿತು. ಆದರೆ ನೆಂಟನಿಗೆ ಇರುವ ಕಟ್ಟುಪಾಡು ದಾರಿಹೋಕನಿಗಿಲ್ಲ. ಅಂಗಳಕ್ಕೆ ಬಂದವರು ಜಗಲಿಯಲ್ಲಿ ಕೂರದೆ, ಕಾಫಿ ಕುಡಿಯದೆ, ಮನೆಯ ಎಮ್ಮೆಯ ಆರೋಗ್ಯ ವಿಚಾರಿಸದೆ ಹೋಗುವಂತಿರಲಿಲ್ಲ. ಯಾರ ಗೊಡವೆಯೂ ಇಲ್ಲದೆ ನಡೆಯುತ್ತಿದ್ದ ಸಾಹೇಬರು ಅದನ್ನೆಲ್ಲ ಹಿಗ್ಗಿನಿಂದಲೇ ಸ್ವೀಕರಿಸಿದರು; ಸುತ್ತು ಮುಗಿಸಲು ಹೊತ್ತು ಮುಳುಗುತ್ತಿತ್ತು, ಅಷ್ಟೆ. ಗೌಡರು ಎಣಿಸದಿದ್ದದ್ದು ಇನ್ನೊಂದು. ಸಾಬರು ಹೋಗುತ್ತಾರಲ್ಲ, ನಾವು ಹೋದರೇನು ಎಂದು ಸೊಪ್ಪಿನ ಹೊರೆಯ ಹೆಂಗಸರು ಬಂದರು. ಕಾಲೇಜಿನ ಹುಡುಗರು ಬಂದರು. ಪ್ರತಿಯೊಬ್ಬರೂ ಅಂಗಳದಲ್ಲಿ ಹರವಿದ ಭತ್ತದ ಅಂಚನ್ನು ಬಳಸಿಕೊಂಡು, ಒಂದು ಚೊಂಬು ನೀರು ಕೇಳಿ, ಎರಡು ಮಾತಾಡಿ ಹೋದರು. ಗೌಡರದೇ ಮಾತಿನ ಪ್ರಕಾರ ಅವರೆಲ್ಲ ನೆಂಟರೇ. ಸುಲೋಚನಮ್ಮನವರ ಕಾಫಿಪುಡಿಯ ಡಬ್ಬಿ ತಳ ಕಂಡಿತು. ಮಳೆಗಾಲಕ್ಕೆ ಮುಂಚೆ ಒಂದು ದಿನ ಗೌಡರು ತಾವಾಗಿಯೇ ಬಡಗಿಯನ್ನು ಕರೆಸಿ, ಬೇಲಿಯಲ್ಲಿ, ಹಳೆಯ ದಾರಿ ಹಾಯುತ್ತಿದ್ದ ಜಾಗದಲ್ಲೇ, ಗಟ್ಟಿಮರದ ಒಂದು ತಡಬೆ ಹಾಕಿಸಿದರು.

ಆ ಶುಕ್ರವಾರ ಗೌಡರು ಅಲ್ಲೇ ಕಾದಿದ್ದರು. "ಹತ್ತಿ ಸಾಬ್ರೆ. ನನ್ನ ಅಂಗಳ ನನಗೆ ಬಿಟ್ಟುಕೊಡಿ ಮಾರಾಯ್ರೆ."

ಸಾಹೇಬರು ಮೆಟ್ಟಿಲಿನ ಅಂಚನ್ನು ಸವರಿ ನೋಡಿದರು. "ಮೊದಲನೇದು ಸ್ವಲ್ಪ ಎತ್ತರ ಆಯ್ತು ಗೌಡ್ರೆ. ಹೆಂಗಸರಿಗೆ ಸೀರೆ ಸಿಕ್ಕಾಕ್ಕೊಳ್ತದೆ."

"ಇದಕ್ಕೂ ತಪ್ಪು ಹುಡುಕ್ತೀರಾ?"

ಅಷ್ಟರಲ್ಲಿ ಮನೆಯ ಕಡೆಯಿಂದ ಸುಲೋಚನಮ್ಮ ಕೂಗಿದರು: ಕಾಫಿ ಆಗಿದೆ, ಹೋಗಿಬಿಡಬೇಡಿ. ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ಅವರೇ ಬೇಲಿಯ ಬಳಿಗೆ ಬಂದರು. ಸಾಹೇಬರು ತಡಬೆಯ ಮೇಲಿನ ಮೆಟ್ಟಿಲಲ್ಲಿ ಕೂತರು, ಗೌಡರು ಕೆಳಗಿನದರಲ್ಲಿ; ಸೊಪ್ಪಿನ ಹೊರೆ ಹೊತ್ತು ಬಂದ ಹೆಂಗಸೊಬ್ಬಳು ಇವರು ಏಳಲೆಂದು ಕಾದು, ಬೇಸತ್ತು, ಅಂಗಳದ ಕಡೆಯಿಂದಲೇ ಹೋದಳು.

ಊರಿನ ದಾರಿಗಳನ್ನು ಯಾರು ಉಳಿಸುತ್ತಾರೆಂಬ ಪ್ರಶ್ನೆಗೆ ನನ್ನಲ್ಲಿ ಖಚಿತವಾದ ಉತ್ತರವಿಲ್ಲ. ನಕ್ಷೆಗಳಿಂದ ಕೆಲವು ಉಳಿದಿರಬಹುದು, ಜಗಳಗಳಿಂದ ಇನ್ನು ಕೆಲವು. ಆದರೆ ಬಹುಪಾಲು ಕಾಲುದಾರಿಗಳು ಉಳಿದಿರುವುದು, ಯಾರ ನೆಲವನ್ನೂ ತಮ್ಮದೆನ್ನದೆ ಎಲ್ಲರ ನೆಲದ ಮೇಲೂ ವಾರವಾರವೂ ಹಾಯುವ ಇಂಥ ಕೆಲವರ ನಿರುಪದ್ರವಿ ಹಟದಿಂದ ಎಂದು ನನಗೆ ತೋರುತ್ತದೆ. ಅವರು ಬಂದಾಗ ಊರು ತಲೆಯೆತ್ತಿ ನೋಡುವುದಿಲ್ಲ. ಒಂದು ವಾರ ಬಾರದಿದ್ದರೆ ಮಾತ್ರ, ಹಾದಿಯ ಬದಿಯ ಮನೆಯವರು ಕೆಲಸ ನಿಲ್ಲಿಸಿ, ಇವತ್ತು ಶುಕ್ರವಾರ ಅಲ್ಲವೇ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ.