ಎರಡು ಗುಂಡಿ, ಒಂದು ಹೌದು

ನಾನೊಂದು ಚಿಪ್. ಕಪ್ಪು ಮೈ, ಹದಿನಾಲ್ಕು ಕಾಲು. ಜಿರಳೆಗೂ ಇಷ್ಟಿಲ್ಲ ನೋಡಿ! ಹುಟ್ಟಿದ್ದು ಮರಳಿನಿಂದ. ಮರಳನ್ನು ಕಾಯಿಸಿ, ಶುದ್ಧಮಾಡಿ, ತೆಳ್ಳನೆಯ ಬಿಲ್ಲೆಗಳಾಗಿ ಕೊಯ್ದು, ಮೇಲೆ ಕಣ್ಣಿಗೆ ಕಾಣದ ದಾರಿಗಳನ್ನು ಕೊರೆದು ನನ್ನನ್ನು ಮಾಡಿದರು. ನನಗೆ ಬರುವುದು ಎರಡೇ ಮಾತು. ಕರೆಂಟು ಬಂದರೆ ಒಂದು, ಅಂದರೆ ಹೌದು. ಬಾರದಿದ್ದರೆ ಸೊನ್ನೆ, ಅಂದರೆ ಇಲ್ಲ. ಎರಡು ಕಾಲಿಗೂ ‘ಹೌದು’ ಬಂದರೆ ಮಾತ್ರ ಮೂರನೆಯ ಕಾಲಿನಿಂದ ನಾನು ‘ಹೌದು’ ಎನ್ನುತ್ತೇನೆ. ಒಂದಕ್ಕೆ ಮಾತ್ರ ಬಂದರೆ, ಜಪ್ಪಯ್ಯ ಎಂದರೂ ಇಲ್ಲ. ನನ್ನ ಡಬ್ಬಿಯಲ್ಲಿದ್ದ ಇನ್ನೊಂದು ಚಿಪ್ ಬಲು ಉದಾರಿ, ಯಾರೊಬ್ಬರು ಹೌದೆಂದರೂ ಅದಕ್ಕೆ ಸಾಕು. ಮತ್ತೊಂದು ಶುದ್ಧ ಮೊಂಡ, ಏನು ಹೇಳಿದರೂ ಉಲ್ಟಾ.

ಗದಗಿನ ಒಂದು ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ಕೆಲವು ವರ್ಷ ಕಳೆದೆ. ವಿದ್ಯಾರ್ಥಿಗಳು ಹೇಗೆಂದರೆ ಹಾಗೆ ಚುಚ್ಚಿ ನನ್ನ ಕಾಲು ಸೊಟ್ಟ ಮಾಡುತ್ತಿದ್ದರು. ಕಲಿಸುವ ಕಸ್ತೂರಿ ಮೇಡಂ ಇಕ್ಕಳದಿಂದ ನೆಟ್ಟಗೆ ಮಾಡುತ್ತಿದ್ದರು. ಆ ತಾಯಿಯ ಋಣ ದೊಡ್ಡದು.

ಮೇಡಂ ಒಮ್ಮೆ ಲ್ಯಾಬಿನ ಪುಸ್ತಕ ಅಚ್ಚು ಹಾಕಿಸಲು ಊರಿನ ಒಂದು ಪ್ರೆಸ್ಸಿಗೆ ಹೋದರು. ಅಲ್ಲಿ ಕಾಗದ ಕತ್ತರಿಸುವ ಮೆಷಿನ್ನಿಗೆ ಒಂದೇ ಗುಂಡಿ. ಒತ್ತಿದರೆ ಬ್ಲೇಡು ಧಪ್ಪನೆ ಇಳಿಯುತ್ತದೆ. ಹಿಂದಿನ ಕೆಲಸಗಾರನ ಎರಡು ಬೆರಳು ಅದಕ್ಕೇ ಹೋಗಿದ್ದವಂತೆ. ಈಗ ಅಲ್ಲಿ ನಿಂತಿದ್ದವರು ದಾವಲಸಾಬರು, ಹಾಡು ಗುನುಗುತ್ತ ಕೆಲಸ ಮಾಡುವ ಮನುಷ್ಯ. ಮೇಡಂ ಆ ಗುಂಡಿಯ ಅಳತೆ ಬರೆದುಕೊಂಡರು. ಮರುವಾರವೇ ಒಂದು ಪೆಟ್ಟಿಗೆ ಮಾಡಿ ತಂದರು: ಎಡಕ್ಕೊಂದು, ಬಲಕ್ಕೊಂದು ಗುಂಡಿ, ನಡುವೆ ನಾನು. ಎರಡೂ ಕೈ ಗುಂಡಿಯ ಮೇಲಿದ್ದರೆ ತಾನೇ ಬ್ಲೇಡು ಇಳಿಯುವುದು? ಇನ್ನು ಅದರ ಕೆಳಗೆ ಕೈ ಎಲ್ಲಿಂದ ಬರಬೇಕು? ಅಲ್ಲಿಯವರೆಗೆ ಲ್ಯಾಬಿನಲ್ಲಿ ಪುಟ್ಟ ದೀಪ ಹೊತ್ತಿಸಿಕೊಂಡಿದ್ದ ನನಗೆ ಒಬ್ಬರ ಕೈ ಕಾಯುವ ಕೆಲಸ ಸಿಕ್ಕಿತು. ಎಷ್ಟು ಹಿಗ್ಗಿದೆನೋ!

ಲಗ್ನದ ಸೀಜನ್ನು ಬಂತು, ಮದುವೆ ಕಾರ್ಡುಗಳ ರಾಶಿ ಬಿತ್ತು. ಒಂದು ಬೆಳಿಗ್ಗೆ ಎಡಗಡೆಯಿಂದ ‘ಹೌದು’ ಬರತೊಡಗಿದ್ದು ನಿಲ್ಲಲೇ ಇಲ್ಲ. ಕೈಯಾಗಿದ್ದರೆ ನಡುನಡುವೆ ಬಿಡಬೇಕಿತ್ತಲ್ಲ ಎಂದು ನನಗೆ ಅನುಮಾನ. ಆದರೇನು, ಹದಿನಾಲ್ಕು ಕಾಲಿನಲ್ಲಿ ಅನುಮಾನ ಹೇಳಲು ಒಂದೂ ಇಲ್ಲ. ಬಲಗಡೆ ಒತ್ತಿದಾಗಲೆಲ್ಲ ಹೌದೆಂದೆ, ನಡುಗುತ್ತ ಹೌದೆಂದೆ.

ಪುಸ್ತಕ ಒಯ್ಯಲು ಬಂದ ಮೇಡಂ ಕಂಡುಹಿಡಿದರು. ಎಡಗುಂಡಿಯ ಸಂದಿಯಲ್ಲಿ ಬೆಂಕಿಕಡ್ಡಿ ಸಿಕ್ಕಿಸಿ ಅದುಮಿಡಲಾಗಿತ್ತು. ಬಿಡುವಾದ ಎಡಗೈಯಿಂದ ದಾವಲಸಾಬರು ಬ್ಲೇಡಿನ ಕೆಳಗೆ ಕಾಗದ ಸರಿಸುತ್ತಿದ್ದರು.

“ಚಾಚಾ, ಏನ್ರಿ ಇದು?”

“ಎರಡೂ ಕೈ ಅಲ್ಲೇ ಇಟ್ಟ್ರ ಕಾಗದ ಯಾರು ಸರಸಬೇಕ್ರಿ ಮೇಡಂ? ಕೆಲಸ ಸಾಗವಲ್ದು.”

ಮೇಡಂ ಬೈಯಲಿಲ್ಲ. ಬಳೆ ಹಿಂದಕ್ಕೆ ಸರಿಸಿ, ತಮ್ಮ ಕೈಯನ್ನೇ ಬ್ಲೇಡಿನ ಕೆಳಗೆ ಇಟ್ಟುಬಿಟ್ಟರು. ಮೆಷಿನ್ ಚಾಲೂ ಇತ್ತು. ಎಡಗಡೆಯ ಕಡ್ಡಿ ‘ಹೌದು’ ಎನ್ನುತ್ತಲೇ ಇತ್ತು. ಬಲಗುಂಡಿಗೆ ಯಾರ ಮೊಣಕೈ ತಗುಲಿದರೂ ನಾನು ಹೌದೆನ್ನಲೇಬೇಕು. ನನ್ನ ಕಾಲು ನೆಟ್ಟಗೆ ಮಾಡಿದ ಕೈ ಅದು! ಅಯ್ಯೋ, ನನ್ನನ್ನು ಯಾರಾದರೂ ಕಿತ್ತುಹಾಕಬಾರದೇ ಎನಿಸಿತು.

“ಒತ್ರಿ ಚಾಚಾ.”

“ಏ ಯವ್ವಾ, ಕೈ ತಗೀ! ತಗೀ ಮದ್ಲ!”

“ನಿಮ್ಮ ಕೈ ಇದ್ದಾಗ ಒತ್ತತೀರಿ. ನನ್ನ ಕೈ ಇದ್ದಾಗ ಯಾಕ ಒತ್ತವಲ್ರಿ?”

ದಾವಲಸಾಬರು ಸರಕ್ಕನೆ ಕಡ್ಡಿ ಕಿತ್ತೆಸೆದರು. ಎಡಗಡೆಯಿಂದ ಸೊನ್ನೆ ಬಂತು. ‘ಇಲ್ಲ’ ಎಂಬ ಮಾತು ಅಷ್ಟು ಸಿಹಿ ಎಂದು ನನಗೆ ಗೊತ್ತೇ ಇರಲಿಲ್ಲ. ಅವರು ಅಲ್ಲೇ ಕುಳಿತು, ಟೋಪಿ ತೆಗೆದು ಮುಖ ಒರೆಸಿಕೊಂಡರು. ಅಂದಿನಿಂದ ಎಂಥ ಅವಸರವಿದ್ದರೂ ಎರಡೂ ಕಡೆಯಿಂದ ಅವರ ಕೈಯೇ ನನ್ನನ್ನು ಕೇಳುತ್ತಿತ್ತು.

ಹೀಗೆ ಹನ್ನೊಂದು ವರ್ಷ. ಆಮೇಲೆ ಹೊಸ ಮೆಷಿನ್ ಬಂತು, ಹಳೆಯದು ಗುಜರಿಗೆ ಹೋಯಿತು. ನನ್ನನ್ನು ಮಾತ್ರ ದಾವಲಸಾಬರು ಕೊಡಲಿಲ್ಲ. ಕೆಲಸ ಬಿಟ್ಟ ಮರುದಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಲ್ಯಾಬಿಗೆ ತಂದು ಮೇಡಂ ಮುಂದಿಟ್ಟರು. “ನಿಮ್ಮನ್ನ ಅಲ್ಲಾ ಚಲೋ ಇಡಲಿ ಯವ್ವಾ” ಎಂದು ಎರಡೂ ಅಂಗೈ ತೆರೆದು ದುವಾ ಮಾಡಿದರು.

ಎಣಿಕೆ ನನಗೆ ಬಾರದು, ಅದು ಬೇರೆ ಜಾತಿಯ ಚಿಪ್‌ಗಳ ಕೆಲಸ. ಆದರೂ ಅವತ್ತು ಆ ಬೆರಳುಗಳನ್ನು ಎಣಿಸಿದೆ. ಹತ್ತೂ ಇದ್ದವು.